ಸಿಡಿಗಳನ್ನು ಯಾವ ಫಾರ್ಮ್ಯಾಟಿನಲ್ಲಿ ಇಳಿಸಿಕೊಳ್ಳಬೇಕು? ಫ್ಲ್ಯಾಕ್‌ನೊಂದಿಗೆ ಎರಡು ಮಳೆಗಾಲ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ಪಕ್ಕದಲ್ಲಿ, ಅಡಿಕೆ ತೋಟದ ನಡುವೆ ನನ್ನ ಸೋದರಮಾವನ ಮನೆ ಇದೆ. ಆ ಮನೆಯ ಚಾವಡಿಯ ಹಲಸಿನ ಮರದ ಕಪಾಟಿನಲ್ಲಿ ಅವರು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕೂಡಿಸಿಟ್ಟ 312 ಸಿಡಿಗಳಿವೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ (ಪಾತ್ರದ ಮಾತು) ಇರುವ ತಾಳಮದ್ದಳೆಗಳು, ಅಂದರೆ ವೇಷ ಕುಣಿತಗಳಿಲ್ಲದೆ ಪದ್ಯ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ, ಬಲಿಪ ನಾರಾಯಣ ಭಾಗವತರ ಪದ್ಯಗಳು, ಕರ್ನಾಟಕ ಸಂಗೀತದ ಕಛೇರಿಗಳು, ದಾಸರ ಪದಗಳು, ಒಂದಿಷ್ಟು ಭಾವಗೀತೆಗಳು, ಊರ ದೇವಸ್ಥಾನದ ಬ್ರಹ್ಮಕಲಶದ ಸಂದರ್ಭದಲ್ಲಿ ಯಾರೋ ಧ್ವನಿಮುದ್ರಿಸಿ ಬರೆದುಕೊಟ್ಟ ಹೆಸರಿಲ್ಲದ ಡಿಸ್ಕುಗಳು, ಎಲ್ಲವೂ ಅದರಲ್ಲಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇಂಥ ಕಪಾಟು ಇರುವ ಮನೆಗಳು ಇನ್ನೂ ಹಲವು ಇವೆ ಎಂಬುದನ್ನು ಬಲ್ಲೆನಾದ್ದರಿಂದ, ಈ ಸಂಗ್ರಹವನ್ನು ಕಂಪ್ಯೂಟರಿಗೆ ಇಳಿಸಿದ ಅನುಭವವನ್ನೂ ಅದಕ್ಕಾಗಿ ಆರಿಸಿಕೊಂಡ, ಧ್ವನಿಯಲ್ಲಿ ಏನನ್ನೂ ಕಳೆಯದೆ ಫೈಲನ್ನು ಕಿರಿದಾಗಿಸುವ ಫ್ಲ್ಯಾಕ್ ಎಂಬ ಫಾರ್ಮ್ಯಾಟಿನ ಗುಣದೋಷಗಳನ್ನೂ ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ಕೆಲಸವನ್ನು ನಾನು ಮಾಡಿದ್ದು ಎರಡನೆಯ ಬಾರಿಗೆ. 2010ರಲ್ಲಿ, ಮಾವನ ಕಾರಿನಲ್ಲಿ ಕೇಳಲೆಂದು, ಇವುಗಳಲ್ಲಿ 40 ಸಿಡಿಗಳನ್ನು 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಸಾವಿರ ಬಿಟ್‌ಗಳ) ಎಂಪಿ3 ಆಗಿ ಇಳಿಸಿದ್ದೆ. ಆಗ ನನ್ನ ಬಳಿ ಇದ್ದುದು 4 ಜಿಬಿಯ ಪೆನ್‌ಡ್ರೈವ್. ಅದರಲ್ಲಿ ಎಷ್ಟು ಹೆಚ್ಚು ಪ್ರಸಂಗಗಳು (ಯಕ್ಷಗಾನದ ಕಥೆಗಳು) ಹಿಡಿದರೆ ಅಷ್ಟು ಒಳ್ಳೆಯದು ಎಂಬುದೊಂದೇ ನನ್ನ ಲೆಕ್ಕಾಚಾರವಾಗಿತ್ತು. ಮೊದಲ ದಿನವೇ ಮಾವ ಕಾರಿನಲ್ಲಿ ಕೇಳಿ, "ಈ ಚೆಂಡೆ ಯಾಕೆ ಮಳೆಗೆ ಒದ್ದೆಯಾದ ಹಾಗೆ ಕೇಳುತ್ತದೆ?" ಎಂದು ವಿಚಾರಿಸಿದ್ದರು. ಸಿಡಿಗಳು ಮನೆಯಲ್ಲಿ ಭದ್ರವಾಗಿವೆಯಲ್ಲ, ಬೇಕಾದಾಗ ಮತ್ತೊಮ್ಮೆ ಇಳಿಸಿದರಾಯಿತು ಎಂದು ಆಗ ಸಮಾಧಾನ ಹೇಳಿದ್ದೆ. ಎರಡು ವರ್ಷಗಳ ಹಿಂದೆ ಕಪಾಟು ತೆರೆದು ನೋಡಿದಾಗ ಆ ನಲವತ್ತರಲ್ಲಿ ಆರು ಡಿಸ್ಕುಗಳು ಯಾವ ಡ್ರೈವಿಗೆ ಹಾಕಿದರೂ ಓದಲು ಸಿಗಲಿಲ್ಲ. ಆ ಆರು ಪ್ರಸಂಗಗಳಿಗೆ ಸಂಬಂಧಿಸಿದಂತೆ ನಮ್ಮಲ್ಲಿ ಈಗ ಉಳಿದಿರುವುದು ನಾನು ಅಂದು ಅವಸರದಲ್ಲಿ ಮಾಡಿದ, ಒದ್ದೆ ಚೆಂಡೆಯ ಎಂಪಿ3 ಮಾತ್ರ. ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಫಾರ್ಮ್ಯಾಟಿನ ಆಯ್ಕೆಯ ಕುರಿತು ನಾನು ಮುಂದೆ ಹೇಳುವುದೆಲ್ಲ ಈ ಆರು ಡಿಸ್ಕುಗಳು ಕಲಿಸಿದ್ದು: ಮೊದಲು ಡಿಸ್ಕಿನಲ್ಲಿ ಇರುವುದೆಲ್ಲವೂ ಒಂದು ಕಣವೂ ಬಿಡದಂತೆ ಇಳಿದುಬರಬೇಕು, ಚಿಕ್ಕದು ಮಾಡುವ ಕೆಲಸ ಆಮೇಲಿನದು.

ಡಿಸ್ಕಿನಲ್ಲಿ ಇರುವುದು ಏನು ಎಂಬುದನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸೇರಿ 1980ರಲ್ಲಿ ರೂಪಿಸಿದ, 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ, ಎಡ ಮತ್ತು ಬಲ ಎಂಬ ಎರಡು ಚಾನೆಲ್‌ಗಳಲ್ಲಿ ಬರೆದಿರುತ್ತಾರೆ. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ. ಒಂದು ನಿಮಿಷಕ್ಕೆ ಸುಮಾರು 10.6 ಎಂಬಿ. ಇದನ್ನು ಇದ್ದಂತೆಯೇ ಉಳಿಸಿದರೆ ಅದು ವೇವ್ ಫೈಲು. 128 ಕೆಬಿಪಿಎಸ್‌ನ ಎಂಪಿ3 ಎಂದರೆ ಈ ಮೊತ್ತದಲ್ಲಿ ಹನ್ನೊಂದರಲ್ಲಿ ಒಂದು ಪಾಲನ್ನಷ್ಟೇ ಇಟ್ಟುಕೊಂಡು, ಕಿವಿಗೆ ಕೇಳಿಸಲಾರದೆಂದು ಲೆಕ್ಕ ಹಾಕಿದ ಉಳಿದ ಭಾಗವನ್ನು ಎಸೆಯುವುದು. ಎಸೆದದ್ದು ಮರಳಿ ಬರುವುದಿಲ್ಲ. ಆ ಎಂಪಿ3ಯನ್ನು ಮತ್ತೆ ವೇವ್ ಮಾಡಿದರೂ ಫೈಲು ದೊಡ್ಡದಾಗುತ್ತದೆಯೇ ಹೊರತು ಧ್ವನಿ ತುಂಬಿಕೊಳ್ಳುವುದಿಲ್ಲ.

ಹಾಗಾದರೆ ವೇವ್ ಆಗಿಯೇ ಇಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಧ್ವನಿಯ ದೃಷ್ಟಿಯಿಂದ ಸಾಕು. ಆದರೆ ಪ್ರಸಂಗದ ಹೆಸರು, ಹಾಡುವ ಭಾಗವತರ ಹೆಸರು, ಅರ್ಥ ಹೇಳುವ ಅರ್ಥಧಾರಿಗಳ ಹೆಸರುಗಳನ್ನು ವೇವ್ ಫೈಲಿನೊಳಗೆ ಬರೆದಿಡಲು ಎಲ್ಲ ಪ್ಲೇಯರ್‌ಗಳೂ ಒಪ್ಪುವ ಒಂದು ಕ್ರಮವಿಲ್ಲ. ಫೈಲು ಹಾರ್ಡ್‌ಡಿಸ್ಕಿನಲ್ಲಿ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಏರ್ಪಾಡೂ ಅದರೊಳಗಿಲ್ಲ. ಜಾಗವೂ ದುಪ್ಪಟ್ಟು ಬೇಕು.

ಜಾಶ್ ಕೋಲ್ಸನ್ ಎಂಬವರು 2000ದಲ್ಲಿ ಆರಂಭಿಸಿ, 2001ರ ಜುಲೈಯಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಹೊರತಂದ ಫ್ಲ್ಯಾಕ್ ಈ ಮೂರೂ ಕೊರತೆಗಳನ್ನು ತುಂಬುತ್ತದೆ. ಅದು ಉಚಿತ, ಅದರ ವಿವರಣೆ ಎಲ್ಲರಿಗೂ ತೆರೆದಿದೆ, ಯಾವ ಕಂಪನಿಯ ಪರವಾನಗಿಯೂ ಅದಕ್ಕೆ ಬೇಡ. 2024ರ ಕೊನೆಯಲ್ಲಿ ಅದು ಅಂತರಜಾಲದ ಅಧಿಕೃತ ಮಾನದಂಡಗಳ ಸಾಲಿಗೂ ಸೇರಿತು. ಅದು ಧ್ವನಿಯ ಯಾವ ಭಾಗವನ್ನೂ ಎಸೆಯದೆ ಫೈಲನ್ನು ಕಿರಿದಾಗಿಸುವ ಬಗೆ ಹೀಗೆ: ಹಿಂದಿನ ಕೆಲವು ಅಳತೆಗಳನ್ನು ನೋಡಿ ಮುಂದಿನದು ಎಷ್ಟಿರಬಹುದೆಂದು ಊಹಿಸುತ್ತದೆ, ಊಹೆ ಎಷ್ಟು ತಪ್ಪಿತೋ ಅಷ್ಟನ್ನು ಮಾತ್ರ ಬರೆದಿಡುತ್ತದೆ. ಭಾಗವತರು ಪದ್ಯ ಎತ್ತಿಕೊಂಡಾಗ ನುರಿತ ಮದ್ದಳೆಗಾರನಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿದಿರುವಂತೆ, ಧ್ವನಿಯ ಅಲೆಯಲ್ಲಿ ಬಹುಪಾಲು ಊಹಿಸಿದಂತೆಯೇ ನಡೆಯುತ್ತದೆ. ವ್ಯತ್ಯಾಸ ಸಣ್ಣದಾದ್ದರಿಂದ ಅದನ್ನು ಬರೆಯಲು ಕಡಮೆ ಜಾಗ ಸಾಕು. ನುಡಿಸುವಾಗ ಅದೇ ಊಹೆಗೆ ಅದೇ ವ್ಯತ್ಯಾಸವನ್ನು ಕೂಡಿಸಿದರೆ ಮೂಲದ ಅಳತೆಗಳು ಒಂದು ಬಿಟ್ ಕೂಡ ಬದಲಾಗದೆ ಸಿಗುತ್ತವೆ.

ನಮ್ಮ ಸಂಗ್ರಹದಲ್ಲಿ ಇದರ ಫಲ ಸಿಡಿಯಿಂದ ಸಿಡಿಗೆ ಬಹಳ ಬೇರೆಯಾಗಿತ್ತು, ಮತ್ತು ನನಗೆ ಈ ಭಾಗ ಅತ್ಯಂತ ಕುತೂಹಲದ್ದಾಗಿ ಕಂಡಿತು. ಒಂದೇ ಮೈಕಿನಲ್ಲಿ ಹಿಡಿದ ಹಳೆಯ ತಾಳಮದ್ದಳೆಗಳಲ್ಲಿ ಎಡ ಬಲ ಎರಡೂ ಚಾನೆಲ್‌ಗಳಲ್ಲಿ ಇರುವುದು ಒಂದೇ ಧ್ವನಿ. ಫ್ಲ್ಯಾಕ್ ಎರಡರ ನಡುವಿನ ವ್ಯತ್ಯಾಸವನ್ನು ಪ್ರತ್ಯೇಕವಾಗಿ ನೋಡುವುದರಿಂದ, ವ್ಯತ್ಯಾಸ ಸೊನ್ನೆಯಾದಲ್ಲಿ ಒಂದು ಚಾನೆಲ್‌ನ ಜಾಗ ಹೆಚ್ಚುಕಡಮೆ ಪೂರ್ತಿ ಉಳಿಯುತ್ತದೆ. ಅಂಥ ಒಂದು ಗಂಟೆಯ ಡಿಸ್ಕು 635 ಎಂಬಿಯಿಂದ 170 ಎಂಬಿಗೆ ಇಳಿಯಿತು. ಅದೇ ಅವಧಿಯ, ಕ್ಯಾಸೆಟ್ಟಿನಿಂದ ಸಿಡಿಗೆ ವರ್ಗಾಯಿಸಿದ ಇನ್ನೊಂದು ಡಿಸ್ಕು 420 ಎಂಬಿಯಲ್ಲೇ ನಿಂತಿತು. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದಿಗೆ ಯಾವ ಕ್ರಮವೂ ಇಲ್ಲವಾದ್ದರಿಂದ ಅದನ್ನು ಊಹಿಸಲು ಬರುವುದಿಲ್ಲ; ಹೀಗಾಗಿ ಅರ್ಥಧಾರಿಯ ಮಾತಿಗಿಂತ ಆ ಸದ್ದೇ ಹೆಚ್ಚು ಜಾಗ ಹಿಡಿಯುತ್ತದೆ. ಒಟ್ಟಿನಲ್ಲಿ, ಓದಲು ಸಿಕ್ಕಿದ 274 ಆಡಿಯೋ ಸಿಡಿಗಳು, ಅಂದರೆ ಸುಮಾರು 283 ಗಂಟೆಗಳ ಧ್ವನಿ, ವೇವ್ ಆಗಿದ್ದರೆ 180 ಜಿಬಿ ಆಗುತ್ತಿದ್ದುದು 95 ಜಿಬಿಯಲ್ಲಿ ಮುಗಿಯಿತು.

ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಫೂಬಾರ್2000 ಎಂಬ ಉಚಿತ ಪ್ಲೇಯರ್‌ಗೆ ಸೇರಿಸಿಕೊಳ್ಳಬಹುದಾದ ಪರೀಕ್ಷೆಯೊಂದಿದೆ. ಎರಡು ಫೈಲುಗಳಲ್ಲಿ ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಅದು ಕೇಳಿಸುತ್ತದೆ, ನಾವು ಗುರುತಿಸಬೇಕು. ಚೆಂಡೆಯ ಪೀಠಿಕೆ ಮತ್ತು ಚಕ್ರತಾಳ ಒಟ್ಟಿಗೆ ಇರುವ ಅರ್ಧ ನಿಮಿಷದ ತುಣುಕನ್ನು ಆರಿಸಿ ಹದಿನಾರು ಸಲ ಪರೀಕ್ಷಿಸಿದೆ. 128ರ ಎಂಪಿ3ಯನ್ನು ಹದಿನೈದು ಸಲ ಸರಿಯಾಗಿ ಗುರುತಿಸಿದೆ. ಲೇಮ್ ಎನ್‌ಕೋಡರಿನ (ಎಂಪಿ3 ತಯಾರಿಸುವ ತಂತ್ರಾಂಶದ) ವಿ0 ಮಟ್ಟದಲ್ಲಿ, ಅಂದರೆ ಸರಾಸರಿ 245 ಕೆಬಿಪಿಎಸ್ ಆಸುಪಾಸಿನಲ್ಲಿ, ಒಂಬತ್ತು ಸಲ ಮಾತ್ರ ಸರಿಯಾಯಿತು. ಅದು ಕಣ್ಣುಮುಚ್ಚಿ ಹೇಳಿದ್ದಕ್ಕೆ ಸಮ. ಮಾತು ಮಾತ್ರ ಇರುವ ಭಾಗದಲ್ಲಿ 128 ಕೂಡ ನನಗೆ ಸುಲಭವಾಗಿ ಸಿಕ್ಕಿಬೀಳಲಿಲ್ಲ. ಚೆಂಡೆಯಲ್ಲಿ ಹಾಗಾಗುವುದಕ್ಕೆ ಕಾರಣವಿದೆ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ಕಾಲಖಂಡಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಅಂದಾಜಿನ ಸಂಖ್ಯೆಗಳನ್ನು ಬರೆಯುತ್ತದೆ; ಆ ಅಂದಾಜಿನ ತಪ್ಪು ಖಂಡದ ಉದ್ದಕ್ಕೂ ಹರಡಿಕೊಳ್ಳುತ್ತದೆ. ಮೌನದ ನಡುವೆ ಥಟ್ಟನೆ ಚೆಂಡೆಕೋಲು ಬಿದ್ದಾಗ, ಪೆಟ್ಟು ಬೀಳುವ ಮೊದಲೇ ಆ ತಪ್ಪಿನ ಸದ್ದು ಸ್ವಲ್ಪ ಕೇಳಿಸಿ, ಪೆಟ್ಟಿನ ಅಂಚು ಮೊಂಡಾಗುತ್ತದೆ. ಮಾವ ಒದ್ದೆಯಾದ ಚೆಂಡೆ ಎಂದು ಹೇಳಿದ್ದು ಇದನ್ನೇ. ಪರೀಕ್ಷೆ, ಪದ, ಯಂತ್ರ ಯಾವುದೂ ಇಲ್ಲದೆ ಅವರ ಕಿವಿ ಅದನ್ನು ಹಿಡಿದಿತ್ತು.

ಆದ್ದರಿಂದ ಒಳ್ಳೆಯ ಮಟ್ಟದ ಎಂಪಿ3ಗಿಂತ ಫ್ಲ್ಯಾಕ್ ಹೆಚ್ಚು ಇಂಪಾಗಿ ಕೇಳುತ್ತದೆ ಎಂದು ನಾನು ಹೇಳುವುದಿಲ್ಲ. ನಾನು ಅದನ್ನು ಆರಿಸಿದ್ದು ಮುಂದೆ ಆಗಬೇಕಾದ ಕೆಲಸಗಳನ್ನು ಎಣಿಸಿ. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ಮುಂದೊಂದು ದಿನ ತಗ್ಗಿಸಬೇಕೆಂದರೆ, ಎಂಪಿ3ಯಲ್ಲಿ ಇದುವರೆಗೆ ಮರೆಯಲ್ಲಿದ್ದ ಒಡಕುಗಳು ಆ ಶೋಧನೆಯಲ್ಲಿ ಮೇಲೆದ್ದು ಬರುತ್ತವೆ. ಒಂದು ಎಂಪಿ3ಯಿಂದ ಇನ್ನೊಂದು ಫಾರ್ಮ್ಯಾಟಿಗೆ ಬದಲಾಯಿಸಿದರೆ ಪ್ರತಿ ಸಲವೂ ಸ್ವಲ್ಪ ಹೋಗುತ್ತದೆ. ಹತ್ತು ವರ್ಷಗಳ ನಂತರ ಯಾವ ಫಾರ್ಮ್ಯಾಟು ಬಳಕೆಗೆ ಬಂದರೂ ಫ್ಲ್ಯಾಕ್‌ನಿಂದ ಅದಕ್ಕೆ ಹೋಗುವುದು ಮೂಲ ಸಿಡಿಯಿಂದ ಹೋದಂತೆಯೇ. ಅಷ್ಟರಲ್ಲಿ ಮೂಲ ಸಿಡಿ ಇರುತ್ತದೆಯೋ ಇಲ್ಲವೋ ಹೇಳಲಾಗದು ಎಂಬುದನ್ನು ಆ ಆರು ಡಿಸ್ಕುಗಳು ತೋರಿಸಿಕೊಟ್ಟಿವೆ.

ತಾಳಮದ್ದಳೆ ಕೇಳುವವರಿಗೆ ಇನ್ನೊಂದು ಮುಖ್ಯ ವಿಷಯವಿದೆ. ನಮ್ಮ ಸಿಡಿಗಳಲ್ಲಿ ಟ್ರ್ಯಾಕ್‌ಗಳ ವಿಭಾಗ ಪದ್ಯದ ಕೊನೆಗೋ ಅರ್ಥದ ಕೊನೆಗೋ ಬರುವುದು ಅಪರೂಪ. ಐದೈದು ನಿಮಿಷಕ್ಕೆ ಒಂದರಂತೆ, ಕರ್ಣನ ಮಾತಿನ ನಡುವೆಯೇ ಕತ್ತರಿಸಿದ ಡಿಸ್ಕುಗಳು ಹಲವಿವೆ. ಸಿಡಿಯಲ್ಲಿ ಅವು ಬಿಡುವಿಲ್ಲದೆ ನುಡಿಯುತ್ತವೆ. ಎಂಪಿ3 ತನ್ನ ಧ್ವನಿಯನ್ನು 1,152 ಅಳತೆಗಳ, ಅಂದರೆ ಸುಮಾರು 26 ಮಿಲಿಸೆಕೆಂಡುಗಳ ಚೌಕಟ್ಟುಗಳಲ್ಲಿ ಇಡುವುದರಿಂದ, ಪ್ರತಿ ಫೈಲಿನ ಮೊದಲಿಗೂ ಕೊನೆಗೂ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಲೇಮ್ ಆ ಮೌನದ ಅಳತೆಯನ್ನು ಫೈಲಿನಲ್ಲಿ ಬರೆದಿಡುತ್ತದೆಯಾದರೂ ಅದನ್ನು ಓದಿ ಕಳೆಯುವುದು ಪ್ಲೇಯರ್‌ನ ಕೆಲಸ. ಮಾವನ ಕಾರಿನಲ್ಲಿರುವ ಸ್ಟೀರಿಯೋ ಅದನ್ನು ಕಳೆಯುವುದಿಲ್ಲ. ಹೀಗಾಗಿ ಒಂದು ಪದದ ನಡುವೆ ತೊದಲಿದಂತಾಗುತ್ತದೆ. ಅರ್ಥಗಾರಿಕೆಯಲ್ಲಿ ಮಾತಿನ ಓಘವೇ ಸೊಗಸಾಗಿರುವಾಗ ಇದು ಸಣ್ಣ ದೋಷವೆಂದು ನಾನು ಒಪ್ಪಲಾರೆ. ಫ್ಲ್ಯಾಕ್‌ನಲ್ಲಿ ಅಳತೆಗಳ ಸಂಖ್ಯೆ ಮೂಲದಷ್ಟೇ ಇರುವುದರಿಂದ ಒಂದು ಟ್ರ್ಯಾಕ್ ಮುಗಿದಲ್ಲಿಂದ ಇನ್ನೊಂದು ನೇರವಾಗಿ ಆರಂಭವಾಗುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವ ವಿಷಯದಲ್ಲೂ ಫ್ಲ್ಯಾಕ್ ನನಗೆ ತೃಪ್ತಿ ಕೊಟ್ಟಿತು. ಅದರ ಟ್ಯಾಗ್‌ಗಳು (ಫೈಲಿನೊಳಗೆ ಹೆಸರು, ವಿವರ ಬರೆದಿಡುವ ಜಾಗಗಳು) ಮೊದಲಿನಿಂದಲೂ ಎಲ್ಲ ಲಿಪಿಗಳಿಗೂ ಜಾಗವಿರುವ ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲೇ ಇವೆ, ಅವುಗಳ ಹೆಸರುಗಳನ್ನು ನಾವೇ ಇಟ್ಟುಕೊಳ್ಳಬಹುದು. ಪ್ರಸಂಗ, ಭಾಗವತ, ಮದ್ದಳೆ, ಚೆಂಡೆ, ಅರ್ಥಧಾರಿ, ಪಾತ್ರ, ಸ್ಥಳ ಎಂದು ಬೇರೆ ಬೇರೆ ಟ್ಯಾಗ್‌ಗಳನ್ನು ಮಾಡಿ, ಒಂದೇ ಪ್ರಸಂಗದ ನಾಲ್ವರು ಅರ್ಥಧಾರಿಗಳ ಹೆಸರನ್ನು ನಾಲ್ಕು ಸಲ ಬರೆಯಲು ಅದು ಅವಕಾಶ ಕೊಡುತ್ತದೆ. 'ಕಲಾವಿದ' ಎಂಬ ಒಂದೇ ಕೋಣೆಯೊಳಗೆ ಹಾಡು ವಾದ್ಯಗಳ ಹಿಮ್ಮೇಳ, ಅರ್ಥಧಾರಿಗಳ ಮುಮ್ಮೇಳಗಳನ್ನೆಲ್ಲ ತುರುಕಬೇಕಾಗಿಲ್ಲ. ಎಂಪಿ3ಯ ಅತ್ಯಂತ ಹಳೆಯ ಟ್ಯಾಗ್ ಕ್ರಮದಲ್ಲಿ ಹಾಡಿನ ಹೆಸರಿಗೆ ಇದ್ದುದು 30 ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ ಸಂಕೇತಕ್ಕೂ 3 ಬೈಟ್ ಬೇಕು. 'ತಾಳಮದ್ದಳೆ' ಎಂಬ ಒಂದು ಪದಕ್ಕೇ 27 ಮುಗಿಯುತ್ತದೆ. ನಂತರ ಬಂದ ಎಂಪಿ3 ಟ್ಯಾಗ್‌ಗಳಲ್ಲಿ ಯೂನಿಕೋಡ್‌ಗೆ ಜಾಗವಿದೆ ಎಂಬುದು ನಿಜ, ಆದರೂ 2010ರಲ್ಲಿ ನಾನು ಮಾಡಿದ ಫೈಲುಗಳಲ್ಲಿ ಹೆಸರುಗಳು ಈಗ ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತಿವೆ.

ಇದಕ್ಕಿಂತಲೂ ನನಗೆ ಧೈರ್ಯ ಕೊಟ್ಟಿರುವುದು ಫ್ಲ್ಯಾಕ್‌ನ ಒಳಗಿರುವ ಪರೀಕ್ಷೆ. ಫೈಲನ್ನು ಮಾಡುವಾಗಲೇ ಮೂಲ ಧ್ವನಿಯ ಒಂದು ಗುರುತುಸಂಖ್ಯೆಯನ್ನು, ಎಂಡಿ5 ಎಂದು ಕರೆಯುವುದನ್ನು, ಅದರ ತಲೆಯಲ್ಲಿ ಬರೆದಿಟ್ಟಿರುತ್ತದೆ. ಯಾವಾಗ ಬೇಕಾದರೂ ಫೈಲನ್ನು ಪೂರ್ತಿ ಬಿಡಿಸಿ ಆ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಬಹುದು. ಆರು ತಿಂಗಳಿಗೊಮ್ಮೆ ಎರಡೂ ಹಾರ್ಡ್‌ಡಿಸ್ಕುಗಳ ಎಲ್ಲ ಫೈಲುಗಳನ್ನೂ ಹೀಗೆ ಪರೀಕ್ಷಿಸುತ್ತೇನೆ. ಕಳೆದ ವರ್ಷದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ನಕಲು ನಡೆಯುತ್ತಿದ್ದಾಗ ವಿದ್ಯುತ್ ಹೋಗಿ ಕೆಟ್ಟಿದ್ದ ಮೂರು ಫೈಲುಗಳು ಈ ಪರೀಕ್ಷೆಯಲ್ಲಿ ಸಿಕ್ಕಿದವು. ಇನ್ನೊಂದು ಪ್ರತಿಯಿಂದ ಅವನ್ನು ಮರಳಿ ಹಾಕಿದೆ. ವೇವ್ ಆಗಿದ್ದರೆ ಅದು ಯಾವತ್ತೋ ಒಂದು ದಿನ ಕೇಳಲು ಕುಳಿತಾಗ ಮಾತ್ರ ಗೊತ್ತಾಗುತ್ತಿತ್ತು.

ಫಾರ್ಮ್ಯಾಟು ಎಷ್ಟು ಒಳ್ಳೆಯದಾದರೂ ಡಿಸ್ಕಿನಿಂದ ಓದಿದ್ದೇ ತಪ್ಪಾದರೆ ಆ ತಪ್ಪನ್ನು ನಿಷ್ಠೆಯಿಂದ ಕಾಪಾಡಿಕೊಂಡಂತಾಗುತ್ತದೆ. ಆಡಿಯೋ ಸಿಡಿಯನ್ನು ಓದುವುದು ಪೆನ್‌ಡ್ರೈವಿನಿಂದ ಫೈಲು ನಕಲು ಮಾಡಿದಷ್ಟು ಸರಳವಲ್ಲ. ಸಿಡಿಯಲ್ಲಿ ಸೆಕೆಂಡಿಗೆ ಸೆಕ್ಟರು ಎಂಬ 75 ತುಂಡುಗಳು, ಪ್ರತಿಯೊಂದರಲ್ಲೂ 2,352 ಬೈಟ್‌ಗಳು. ಕಂಪ್ಯೂಟರಿನ ಮಾಹಿತಿ ಇಡುವ ಸಿಡಿಯಲ್ಲಿ ಅವುಗಳಲ್ಲಿ 2,048ನ್ನು ಮಾತ್ರ ಮಾಹಿತಿಗೆ ಕೊಟ್ಟು, ಉಳಿದವುಗಳ ಬಹುಭಾಗವನ್ನು ತಪ್ಪು ತಿದ್ದಲು ಇಟ್ಟಿರುತ್ತಾರೆ. ಆಡಿಯೋ ಸಿಡಿಯಲ್ಲಿ ಎಲ್ಲವೂ ಧ್ವನಿಗೇ. ತಳದಲ್ಲಿ ಇನ್ನೊಂದು ಹಂತದ ತಿದ್ದುಪಡಿ ಇರುವುದರಿಂದ ಸುಮಾರು ಎರಡೂವರೆ ಮಿಲಿಮೀಟರ್‌ವರೆಗಿನ ಗೀರನ್ನು ಅದು ಪೂರ್ತಿ ಸರಿಪಡಿಸಬಲ್ಲುದು. ಅದಕ್ಕೂ ಮೀರಿದಲ್ಲಿ ಡ್ರೈವ್ ಅಕ್ಕಪಕ್ಕದ ಅಳತೆಗಳನ್ನು ನೋಡಿ ಅಂದಾಜಿನಲ್ಲಿ ತುಂಬಿಸಿ, ಏನೂ ಆಗಿಲ್ಲವೆಂಬಂತೆ ಮುಂದೆ ಹೋಗುತ್ತದೆ.

ಇದನ್ನು ಹಿಡಿಯಲು ನಾನು ಬಳಸಿದ್ದು ಜರ್ಮನಿಯ ಆಂಡ್ರೆ ವೀಟ್‌ಹಾಫ್ ಅವರು ಬರೆದ ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ವಿಂಡೋಸ್ ತಂತ್ರಾಂಶ. ಮನೆಬಳಕೆಗೆ ಅದು ಉಚಿತ. ಅದರ ಸೆಕ್ಯೂರ್ ಮೋಡ್‌ನಲ್ಲಿ ಪ್ರತಿ ಸೆಕ್ಟರನ್ನೂ ಕನಿಷ್ಠ ಎರಡು ಸಲ ಓದಿ ಹೋಲಿಸುತ್ತದೆ. ಹೊಂದಿಕೆಯಾಗದಿದ್ದರೆ ಹದಿನಾರು ಸಲ ಓದಿ, ಅವುಗಳಲ್ಲಿ ಎಂಟು ಒಂದೇ ರೀತಿ ಬರುವವರೆಗೆ ಪಟ್ಟು ಹಿಡಿಯುತ್ತದೆ, ಅತ್ಯಂತ ಕೆಟ್ಟ ಸೆಕ್ಟರನ್ನು 82 ಸಲದವರೆಗೂ ಓದುತ್ತದೆ. ಕೊನೆಗೆ ಎಲ್ಲಿ ಸಂಶಯ ಉಳಿಯಿತೆಂದು ನಿಮಿಷ ಸೆಕೆಂಡುಗಳ ಸಹಿತ ಒಂದು ವರದಿ ಬರೆಯುತ್ತದೆ. ಒಳ್ಳೆಯ ಡಿಸ್ಕು ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯಿತು. ಗೀರು ಬಿದ್ದ ಒಂದು ಡಿಸ್ಕು ಬೆಳಗ್ಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೂ ತಿರುಗಿತು. ಇತರರು ಇಳಿಸಿದ ಅದೇ ಸಿಡಿಯ ಫಲಿತಾಂಶದೊಂದಿಗೆ ಹೋಲಿಸಿ ನೋಡುವ ಆ್ಯಕ್ಯುರೇಟ್‌ರಿಪ್ ಎಂಬ ಸೌಲಭ್ಯವೂ ಅದರಲ್ಲಿದೆ. ಆದರೆ ನಮ್ಮ ತಾಳಮದ್ದಳೆಯ ಒಂದೇ ಒಂದು ಸಿಡಿಯೂ ಆ ಪಟ್ಟಿಯಲ್ಲಿ ಸಿಗಲಿಲ್ಲ. ಹೋಲಿಸಲು ಬೇರೆಯವರ ಪ್ರತಿ ಇಲ್ಲದಿದ್ದಾಗ ನಮಗೆ ನಾವೇ ಸಾಕ್ಷಿಯಾಗಬೇಕು: 'ಟೆಸ್ಟ್ ಮತ್ತು ಕಾಪಿ' ಎಂಬ ಆಯ್ಕೆಯಿಂದ ಇಡೀ ಟ್ರ್ಯಾಕನ್ನು ಎರಡು ಬಾರಿ ಓದಿಸಿ, ಎರಡೂ ಗುರುತುಸಂಖ್ಯೆಗಳು ಒಂದೇ ಆಗಿದ್ದರೆ ಮಾತ್ರ ಸ್ವೀಕರಿಸಿದೆ. ಸಮಯ ಹಿಡಿಯಿತು, ಆದರೆ ಈ ಹಂತವನ್ನು ಬಿಡಬೇಡಿರೆಂದು ಒತ್ತಿ ಹೇಳುತ್ತೇನೆ. ಈ ತಂತ್ರಾಂಶದ ಮೊದಲ ಹೊಂದಾಣಿಕೆಗಳು ಹೊಸಬರಿಗೆ ಕಷ್ಟವೆನಿಸುವಷ್ಟು ಹೆಚ್ಚಿವೆ, ಅದರ ಕಿಟಕಿಗಳೂ ಹಳೆಯ ಕಾಲದವು. ಲಿನಕ್ಸ್ ಬಳಸುವವರಿಗೆ ವಿಪ್ಪರ್, ಮ್ಯಾಕ್ ಬಳಸುವವರಿಗೆ ಎಕ್ಸ್ ಲಾಸ್‌ಲೆಸ್ ಡಿಕೋಡರ್ ಇದೇ ಕೆಲಸ ಮಾಡುತ್ತವೆ.

ಡಿಸ್ಕುಗಳ ಸ್ಥಿತಿಯ ಕುರಿತೂ ಹೇಳಬೇಕು. ನಮ್ಮ ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಸಿಡಿಗೂ ಶಿಲೀಂಧ್ರ ಹಿಡಿದು ಅದರ ಲೋಹದ ಪದರವನ್ನು ತಿನ್ನಬಲ್ಲುದೆಂಬುದು ಬೆಲೀಜ್ ದೇಶದಿಂದ ತಂದ ಒಂದು ಸಿಡಿಯಲ್ಲಿ ಕಂಡುಬಂದು 2001ರಲ್ಲಿ ಪ್ರಕಟವಾಗಿದೆ. ಮಾವನ ಡಿಸ್ಕುಗಳಲ್ಲಿ ಹಾಳಾದವು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಬರೆದ ಸಿಡಿಗಳೇ. ಅವುಗಳಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ಒಂದು ಪದರದಲ್ಲಿ, ಬೆಳಕು ಮತ್ತು ಸೆಕೆಗೆ ಅದು ಮಾಸುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದವು ಬಹುಪಾಲು ಚೆನ್ನಾಗಿಯೇ ಇದ್ದವು. ಹೊಳೆಯುವ ಬದಿಯನ್ನು ನಾವೆಲ್ಲ ಜೋಪಾನ ಮಾಡುತ್ತೇವೆ, ಆದರೆ ಆ ಬದಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ. ಹೆಸರು ಬರೆದ ಬದಿಯಲ್ಲಿ ತೆಳುವಾದ ಲೇಪದ ಕೆಳಗೇ ಲೋಹದ ಪದರವಿರುತ್ತದೆ. ಬಾಲ್‌ಪೆನ್ನಿನಿಂದ ಒತ್ತಿ ಪ್ರಸಂಗದ ಹೆಸರು ಬರೆದಿದ್ದ ಎರಡು ಡಿಸ್ಕುಗಳು ಸರಿಯಾಗಿ ಆ ಅಕ್ಷರಗಳ ಅಡಿಯಲ್ಲೇ ಹಾಳಾಗಿದ್ದವು. ಒರೆಸುವುದಾದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು. ಸುತ್ತಿನ ಗೀರು ಓದುವ ದಾರಿಯ ಉದ್ದಕ್ಕೇ ಬೀಳುವುದರಿಂದ ಅದನ್ನು ತಿದ್ದುವುದು ಕಷ್ಟ.

ಜಾತ್ರೆಯ ಅಂಗಡಿಗಳಲ್ಲಿ ಕೊಂಡ, ಆರೇಳು ಗಂಟೆಗಳ ಪ್ರಸಂಗ ಒಂದರಲ್ಲೇ ಇರುವ ಡಿಸ್ಕುಗಳು ಆಡಿಯೋ ಸಿಡಿಗಳಲ್ಲ, ಎಂಪಿ3 ಫೈಲುಗಳನ್ನು ಇಟ್ಟ ಮಾಹಿತಿ ಸಿಡಿಗಳು. ಮಾವನ ಬಳಿ ಅಂಥವು 27 ಇದ್ದವು. ಅವನ್ನು ಇದ್ದಂತೆಯೇ ನಕಲು ಮಾಡಿದರೆ ಮುಗಿಯಿತು. ಫ್ಲ್ಯಾಕ್ ಮಾಡಬಾರದು, ಜಾಗ ಹಾಳಾಗುತ್ತದಷ್ಟೆ. ಆಡಿಯೋ ಸಿಡಿಯಂತೆ ಕಂಡರೂ ಎಂಪಿ3ಯಿಂದಲೇ ತಯಾರಿಸಿದ ಡಿಸ್ಕುಗಳೂ ಇರುತ್ತವೆ. ಧ್ವನಿಯನ್ನು ತಿದ್ದಲು ಬಳಸುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಧ್ವನಿಯ ವರ್ಣಪಟಲ ತೆರೆದಾಗ 16 ಕಿಲೋಹರ್ಟ್ಸ್‌ನ ಮೇಲೆ ಚಾಕುವಿನಿಂದ ಕತ್ತರಿಸಿದಂತೆ ಎಲ್ಲವೂ ಖಾಲಿಯಾಗಿ ಕಂಡರೆ ಹಾಗೆ ಸಂಶಯಪಡಬಹುದು.

ಫ್ಲ್ಯಾಕ್‌ನ ಕೊರತೆಗಳು ಇಲ್ಲದಿಲ್ಲ. ಹಳೆಯ ಕಾರ್ ಸ್ಟೀರಿಯೋಗಳು ಅದನ್ನು ಗುರುತಿಸುವುದಿಲ್ಲ. ಫೋನಿನ ಮೆಮೊರಿಗೆ 95 ಜಿಬಿ ಭಾರ. ದುಬೈಯಲ್ಲಿರುವ ನನ್ನ ತಂಗಿಯ ಮಗ ಐಫೋನ್ ಬಳಸುತ್ತಾನೆ. ಅವನ ಮ್ಯೂಸಿಕ್ ಸಂಗ್ರಹಕ್ಕೆ ಆಪಲ್ ಲಾಸ್‌ಲೆಸ್ ಹೊಂದುತ್ತದೆ ಎಂದು ಅವನಿಗೆ ಬೇಕಾದ ಹತ್ತು ಪ್ರಸಂಗಗಳನ್ನು ಅದಕ್ಕೆ ಬದಲಾಯಿಸಿ ಕೊಟ್ಟೆ. ಅದೂ ಏನನ್ನೂ ಎಸೆಯದ ಫಾರ್ಮ್ಯಾಟೇ, 2004ರಲ್ಲಿ ಬಂದುದು, 2011ರಿಂದ ಮುಕ್ತವಾಗಿದೆ. ಮನೆಯಲ್ಲಿ ಎಲ್ಲರೂ ಆಪಲ್ ಸಾಧನಗಳನ್ನೇ ಬಳಸುವುದಾದರೆ ಮೂಲ ಪ್ರತಿಯನ್ನು ಅದರಲ್ಲೇ ಇಟ್ಟರೂ ತಪ್ಪಿಲ್ಲ, ಎರಡರ ನಡುವೆ ನಷ್ಟವಿಲ್ಲದೆ ಓಡಾಡಬಹುದು.

ದಿನಬಳಕೆಗೆ ನಾನು ಮಾಡಿಕೊಂಡಿರುವುದು ಓಪಸ್. 2012ರಲ್ಲಿ ಮಾನದಂಡವಾದ ಈ ಫಾರ್ಮ್ಯಾಟು ಕಡಮೆ ಜಾಗದಲ್ಲಿ ಕೊಡುವ ಗುಣಕ್ಕೆ ನಾನು ನಿಜವಾಗಿಯೂ ಬೆರಗಾದೆ. 96 ಕೆಬಿಪಿಎಸ್‌ನಲ್ಲಿ ಚೆಂಡೆಯ ಆ ತುಣುಕು 128ರ ಎಂಪಿ3ಗಿಂತ ಎಷ್ಟೋ ಗಟ್ಟಿಯಾಗಿ, ಒಣಗಿದ ಚರ್ಮದ ಸದ್ದಾಗಿಯೇ ಕೇಳಿತು. ಟ್ರ್ಯಾಕ್‌ಗಳ ನಡುವೆ ಬಿಡುವೂ ಇಲ್ಲ. ಇಡೀ ಸಂಗ್ರಹ ಸುಮಾರು 12 ಜಿಬಿಯಲ್ಲಿ ಮುಗಿದು, ಮಾವನ ಆಂಡ್ರಾಯ್ಡ್ ಫೋನಿನ 32 ಜಿಬಿ ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯಿತು. ಕಾರಿಗೆ ಮಾತ್ರ ಎಂಪಿ3 ಅನಿವಾರ್ಯ. ಅದಕ್ಕೆ ಲೇಮ್‌ನ ವಿ2 ಮಟ್ಟ, ಸರಾಸರಿ 190 ಕೆಬಿಪಿಎಸ್, ಸಾಕು. ತೊದಲುವ ದೋಷವನ್ನು ತಪ್ಪಿಸಲು ಪ್ರತಿ ಸಿಡಿಯನ್ನೂ ಒಂದೇ ಉದ್ದ ಫೈಲಾಗಿ ಮಾಡಿಕೊಟ್ಟೆ. ಹೆಸರುಗಳು ಕಾರಿನ ಪರದೆಯಲ್ಲಿ ಚೌಕಗಳಾಗಿ ಕಾಣುವುದರಿಂದ ಅಲ್ಲಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ.

ಯಾರಾದರೂ ಇಂದೇ ಆರಂಭಿಸುವುದಾದರೆ ನನ್ನ ಸಲಹೆ ಇಷ್ಟು. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಇರುವ ಮಟ್ಟಗಳು ಗುಣಮಟ್ಟದವಲ್ಲ, ಕಿರಿದಾಗಿಸಲು ಪಡುವ ಶ್ರಮದವು. 5 ಮತ್ತು 8ರ ನಡುವೆ ನನಗೆ ಶೇಕಡಾ ಒಂದರಷ್ಟೂ ಜಾಗ ಉಳಿಯಲಿಲ್ಲ, ಆದ್ದರಿಂದ ಮೊದಲೇ ಇರುವ 5ನ್ನು ಹಾಗೆಯೇ ಬಿಡಿ. ತಂತ್ರಾಂಶ ಬರೆಯುವ ವರದಿಯನ್ನೂ ಸಿಡಿಯ ಹೊದಿಕೆಯ ಎರಡೂ ಬದಿಗಳ ಚಿತ್ರವನ್ನೂ ಅದೇ ಫೋಲ್ಡರಿನಲ್ಲಿ ಇಡಿ. ಹಿಮ್ಮೇಳದವರ ಹೆಸರು ಆ ಹೊದಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ. ಎರಡು ಹಾರ್ಡ್‌ಡಿಸ್ಕುಗಳಿರಲಿ, ಎರಡೂ ಒಂದೇ ಮನೆಯಲ್ಲಿ ಬೇಡ. ನಮ್ಮ ಎರಡನೆಯದು ಮಂಗಳೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದೆ. ಕೈಯಿಂದ ಬರೆದ ಡಿಸ್ಕುಗಳನ್ನು ಎಲ್ಲಕ್ಕಿಂತ ಮೊದಲು ಇಳಿಸಿ, ಅಂಗಡಿಯಲ್ಲಿ ಕೊಂಡವು ಆಮೇಲೆ.

ಆಡಿಯೋ ಸಿಡಿಗಳಲ್ಲಿ ಒಟ್ಟು ಹನ್ನೊಂದು ನಮಗೆ ಸಿಗಲಿಲ್ಲ. ಅವುಗಳಲ್ಲಿ ಐದು ಯಾವತ್ತೂ ಯಾವ ಫಾರ್ಮ್ಯಾಟಿಗೂ ಇಳಿದಿರಲಿಲ್ಲ. ಉಳಿದ ಆರರ ಎಂಪಿ3ಗಳನ್ನು ಬದಲಾಯಿಸದೆ ಹಾಗೆಯೇ ಪ್ರತ್ಯೇಕ ಫೋಲ್ಡರಿನಲ್ಲಿ ಇಟ್ಟು, ಅವು ಎಲ್ಲಿಂದ ಬಂದವು, ಯಾವ ವರ್ಷ ಇಳಿಸಿದ್ದು ಎಂಬುದನ್ನು ಟ್ಯಾಗ್‌ನಲ್ಲಿ ಬರೆದಿದ್ದೇನೆ. ಅದೇ ಧ್ವನಿಮುದ್ರಣದ ಒಳ್ಳೆಯ ಪ್ರತಿ ಮಂಜೇಶ್ವರದಲ್ಲೋ ಮುಳ್ಳೇರಿಯದಲ್ಲೋ ಯಾರದಾದರೂ ಕಪಾಟಿನಲ್ಲಿ ಇನ್ನೂ ಇರಬಹುದೆಂದು ಮಾವ ಪರಿಚಯದವರನ್ನೆಲ್ಲ ವಿಚಾರಿಸುತ್ತಿದ್ದಾರೆ.